ಕರಾವಳಿಗೆ ಕಾರಿನಲ್ಲಿ ಹೊರಡುವ ಮೊದಲು: ರಾತ್ರಿಗಳನ್ನು ಮೊದಲು ತುಂಬಿ, ದಾರಿಯನ್ನು ಆಮೇಲೆ ಬರೆಯಿರಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಕರಾವಳಿ ಸುತ್ತಿ ಮರಳಿದವರು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ. ಆರು ದೇವಸ್ಥಾನ ಆಯಿತು, ನಾಲ್ಕು ಬೀಚು ಆಯಿತು, ಆದರೆ ಯಕ್ಷಗಾನ ಸಿಗಲಿಲ್ಲ. ದೈವಾರಾಧನೆಯ ಕೋಲ ಎಲ್ಲಿ ನಡೆಯುತ್ತದೆಂದು ಗೊತ್ತಾಗಲಿಲ್ಲ. ಮಧ್ಯಾಹ್ನ ತಲುಪಿದ ಬಸದಿಗೆ ಬೀಗ ಹಾಕಿತ್ತು. ಮೀನೂಟಕ್ಕೆ ಹೋದಾಗ ಮೂರೂವರೆ ಗಂಟೆ, ಮೀನು ಖಾಲಿ.

ಇವರೆಲ್ಲ ಜಾಗಗಳ ಪಟ್ಟಿಯಿಂದ ಯೋಜನೆ ಶುರು ಮಾಡುತ್ತಾರೆ. ಕರಾವಳಿಯಲ್ಲಿ ನೋಡಲೇಬೇಕಾದ್ದರಲ್ಲಿ ಅರ್ಧದಷ್ಟು ನಡೆಯುವುದು ಕತ್ತಲಾದ ಮೇಲೆ, ವರ್ಷದ ಆರೇಳು ತಿಂಗಳು ಮಾತ್ರ, ಪ್ರತಿ ರಾತ್ರಿ ಬೇರೆ ಬೇರೆ ಊರಿನಲ್ಲಿ. ಅದಕ್ಕಾಗಿ ಕ್ರಮ ಹೀಗಿರಲಿ: ಮೊದಲು ತಿಂಗಳು, ಆಮೇಲೆ ರಾತ್ರಿಗಳು, ಆಮೇಲೆ ತಂಗುವ ಊರು, ಆಮೇಲೆ ಇಳಿಯುವ ಘಟ್ಟ. ಹಗಲಿನ ಪಟ್ಟಿ ಕೊನೆಗೆ. ತಲಪಾಡಿಯಿಂದ ಕಾರವಾರದವರೆಗಿನ ನಮ್ಮ ಕರಾವಳಿಗೆ ಈ ಕ್ರಮವನ್ನು ಒಂದೊಂದೇ ಹಂತವಾಗಿ ಬಿಡಿಸಿ ಬರೆಯುತ್ತಿದ್ದೇನೆ.

## 1. ತಿಂಗಳು ಗೊತ್ತು ಮಾಡಿ

ಕ್ಯಾಲೆಂಡರಿನಲ್ಲಿ ಮೊದಲು ಪತ್ತನಾಜೆಯನ್ನು ಗುರುತು ಹಾಕಿಕೊಳ್ಳಿ. ತುಳುವರ ಬೇಶ ತಿಂಗಳ ಹತ್ತನೇ ದಿನ ಅದು, ಮೇ 24ರ ಆಸುಪಾಸಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮತ್ತೆ ಎಲ್ಲವೂ ಶುರುವಾಗುವುದು ದೀಪಾವಳಿ ಕಳೆದು, ನವೆಂಬರ್ ನಡುವಿನಿಂದ. ಜೂನ್‌ನಲ್ಲಿ ಬಂದು ಬಯಲಾಟ ಹುಡುಕಿದರೆ ಸಿಗುವುದಿಲ್ಲ. ಆಗ ಮೇಳಗಳ ಕಲಾವಿದರು ಬೆಂಗಳೂರು, ಮುಂಬಯಿಯ ಸಭಾಂಗಣಗಳಲ್ಲಿರುತ್ತಾರೆ.

ಮೊದಲ ಸಲ ಬರುವವರಿಗೆ ಡಿಸೆಂಬರ್ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗಿನ ಸಮಯ ಒಳ್ಳೆಯದು. ಸೆಕೆ ಕಡಿಮೆ, ಕಡಲು ಶಾಂತ, ಆಟ (ಯಕ್ಷಗಾನಕ್ಕೆ ಇಲ್ಲಿನ ಮಾತು), ಕಂಬಳ (ಕೆಸರುಗದ್ದೆಯಲ್ಲಿ ಕೋಣಗಳ ಓಟ), ಕೋಲ ಮೂರೂ ಇರುತ್ತವೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿ. ಗೋಕರ್ಣ, ಮುರ್ಡೇಶ್ವರ, ಮಲ್ಪೆಗಳಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಕೋಣೆ ಬಾಡಿಗೆ ದುಪ್ಪಟ್ಟಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆವರು ಹರಿಯುವ ಸೆಕೆ, ಆದರೆ ಕೋಲ ನೇಮಗಳು ದಟ್ಟವಾಗಿ ನಡೆಯುವ ಕಾಲವೂ ಅದೇ. ಮಕ್ಕಳು, ವಯಸ್ಸಾದವರು ಜೊತೆಯಲ್ಲಿ ಇಲ್ಲದಿದ್ದರೆ ಆಗಲೂ ಬರಬಹುದು.

ಮಳೆಗಾಲದಲ್ಲೇ ಬರಬೇಕೆಂದಿದ್ದರೆ ನಿರೀಕ್ಷೆಯನ್ನು ಬದಲಿಸಿಕೊಳ್ಳಿ. ಆಗ ಕರಾವಳಿಯ ಹಬ್ಬ ಎಂದರೆ ಕೃಷ್ಣಾಷ್ಟಮಿಯ ಮರುದಿನ ನಡೆಯುವ ಉಡುಪಿಯ ವಿಟ್ಲಪಿಂಡಿ, ಅದು ಕಳೆದರೆ ನವರಾತ್ರಿಯ ಮಂಗಳೂರಿನ ಹುಲಿವೇಷ. ವಿಟ್ಲಪಿಂಡಿಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಉಡುಪಿ ಮಠ ಅನುಸರಿಸುವುದು ಸೌರ ಪಂಚಾಂಗ. ಕೆಲವು ವರ್ಷ ಅಲ್ಲಿನ ಅಷ್ಟಮಿ ಉಳಿದ ಕಡೆಗಿಂತ ಒಂದು ತಿಂಗಳು ತಡವಾಗಿ ಬರುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಆಗಸ್ಟ್ ಮಧ್ಯದಲ್ಲಿ ಮುಗಿದದ್ದು ಉಡುಪಿಯಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ನಡೆಯಿತು. ಗೋಡೆ ಕ್ಯಾಲೆಂಡರಿನ ಕೆಂಪು ಅಂಕಿ ನೋಡಿ ರಜೆ ಹಾಕಬೇಡಿ, ಮಠದ ಪ್ರಕಟಣೆ ನೋಡಿ.

ಉಡುಪಿಗೆ ಸಂಬಂಧಿಸಿ ಇನ್ನೆರಡು ದಿನಾಂಕ: ಪ್ರತಿ ವರ್ಷ ಜನವರಿ 14ರ ಸಂಕ್ರಾಂತಿಯ ರಾತ್ರಿ ಮೂರು ತೇರು, ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಪರ್ಯಾಯ (ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ). ಅದಕ್ಕಾಗಿಯೇ ಬರುವುದಾದರೆ ತಿಂಗಳುಗಟ್ಟಲೆ ಮುಂಚೆ ಕೋಣೆ ಹಿಡಿಯಿರಿ. ಇಲ್ಲವಾದರೆ ಆ ವಾರ ಉಡುಪಿಯಿಂದ ದೂರ ಇರಿ.

## 2. ರಾತ್ರಿಗಳನ್ನು ತುಂಬಿ

ಇಡೀ ಯೋಜನೆಯ ಬೆನ್ನೆಲುಬು ಈ ಹಂತ. ಖಾಲಿ ಹಾಳೆಯಲ್ಲಿ ನೀವು ಕರಾವಳಿಯಲ್ಲಿರುವ ರಾತ್ರಿಗಳನ್ನು ಬರೆದುಕೊಳ್ಳಿ. ಐದು ರಾತ್ರಿ ಇದ್ದರೆ ಎರಡನ್ನು ಆಟಕ್ಕೆ, ಒಂದನ್ನು ಕೋಲಕ್ಕೆ ಇಲ್ಲವೇ ಕಂಬಳಕ್ಕೆ ಮೀಸಲಿಡಿ. ಎರಡು ರಾತ್ರಿ ನಿದ್ದೆಗೆ ಬೇಕೇ ಬೇಕು.

ಯಕ್ಷಗಾನ. ಮೇಳಗಳು ಪ್ರತಿ ರಾತ್ರಿ ಒಂದೊಂದು ಊರಿನಲ್ಲಿರುತ್ತವೆ. ಇಂದು ಎಲ್ಲಿ, ಯಾವ ಪ್ರಸಂಗ ಎಂಬುದು ಮಂಗಳೂರು, ಮಣಿಪಾಲ ಆವೃತ್ತಿಯ ಕನ್ನಡ ಪತ್ರಿಕೆಗಳ ‘ಇಂದಿನ ಯಕ್ಷಗಾನ’ ಪಟ್ಟಿಯಲ್ಲಿ ಬರುತ್ತದೆ. ಮೊಬೈಲಿನಲ್ಲಿ ಹುಡುಕುವುದಾದರೆ ಮೇಳದ ಹೆಸರು ಹಾಕಿ ಹುಡುಕಿ, ಸುಮ್ಮನೆ ‘ಯಕ್ಷಗಾನ’ ಎಂದು ಹುಡುಕಿದರೆ ಹಳೆಯ ವಿಡಿಯೊಗಳಷ್ಟೇ ಬರುತ್ತವೆ. ಮಂಗಳೂರು ಸುತ್ತಮುತ್ತ ಕಟೀಲು, ಧರ್ಮಸ್ಥಳ ಮೊದಲಾದ ತೆಂಕುತಿಟ್ಟಿನ (ದಕ್ಷಿಣ ಶೈಲಿಯ) ಮೇಳಗಳು. ಉಡುಪಿ, ಕುಂದಾಪುರದತ್ತ ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಮೊದಲಾದ ಬಡಗಿನ (ಉತ್ತರ ಶೈಲಿಯ) ಮೇಳಗಳು. ಒಂದು ರಾತ್ರಿ ತೆಂಕು, ಒಂದು ರಾತ್ರಿ ಬಡಗು ನೋಡಿ. ಚೆಂಡೆಯ ನಾದ, ಕಿರೀಟ ಮುಂಡಾಸುಗಳ ಕಟ್ಟು, ಕುಣಿತದ ಗತಿ ಎಲ್ಲವೂ ಬೇರೆ ಎಂಬುದು ಎರಡನ್ನೂ ನೋಡಿದಾಗಲೇ ತಿಳಿಯುತ್ತದೆ.

ಹರಕೆಯಾಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು. ಡೇರೆ ಮೇಳಗಳಿಗೆ ಟಿಕೆಟ್ ಇದೆ. ಈಗ ಬಹಳಷ್ಟು ಆಟಗಳು ಕಾಲಮಿತಿಯವು. ಸಂಜೆ ಆರು ಏಳಕ್ಕೆ ಆರಂಭವಾಗಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಬೆಳಗಿನವರೆಗಿನ ಆಟ ಸಿಕ್ಕರೆ ಮರುದಿನ ಮಧ್ಯಾಹ್ನದವರೆಗೆ ಚಾಲಕನಿಗೆ ಯಾವ ಕೆಲಸವೂ ಇರಬಾರದು. ಒಂದು ಗಂಟೆ ಮುಂಚೆ ಹೋಗಿ, ಚೌಕಿಯ ಬಾಗಿಲಲ್ಲಿ ಕೇಳಿ ಒಳಗೆ ನಿಂತು ಬಣ್ಣ ಹಚ್ಚಿಕೊಳ್ಳುವುದನ್ನು ನೋಡಿ. ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಚಪ್ಪಲಿ ಹೊರಗೆ ಬಿಡಿ, ಮುಖಕ್ಕೆ ಬಣ್ಣ ಬರೆಯುತ್ತಿರುವವರನ್ನು ಮಾತನಾಡಿಸಬೇಡಿ.

ಕಂಬಳ. ನವೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ ವಾರಾಂತ್ಯಗಳಲ್ಲಿ. ಋತುವಿನ ಪಟ್ಟಿ ಮೊದಲೇ ಪ್ರಕಟವಾಗುತ್ತದೆ: ಮೂಡುಬಿದಿರೆ, ಮಿಯ್ಯಾರು, ಐಕಳ, ಪುತ್ತೂರು, ಉಪ್ಪಿನಂಗಡಿ ಹೀಗೆ. ಜೋಡುಕರೆ ಕಂಬಳ (ಕರೆ ಎಂದರೆ ಕೋಣಗಳು ಓಡುವ ಕೆಸರಿನ ಪಥ, ಇಲ್ಲಿ ಅವು ಎರಡು) ಶನಿವಾರ ಬೆಳಿಗ್ಗೆ ಆರಂಭವಾಗಿ ರಾತ್ರಿಯಿಡೀ ಓಡಿ ಭಾನುವಾರಕ್ಕೆ ಮುಗಿಯುತ್ತದೆ. ದೂರದಿಂದ ಬಂದವರು ಶನಿವಾರ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಒಂದು ಗಂಟೆ ನಿಂತು ಸುಸ್ತಾಗಿ ಹೊರಡುತ್ತಾರೆ. ರಾತ್ರಿ ಎಂಟರ ಮೇಲೆ ಬನ್ನಿ. ಬೆಳಕಿನಡಿ ಕೆಸರುನೀರು ಸಿಡಿಯುವುದು ಕಾಣುತ್ತದೆ, ಪೈಪೋಟಿಯೂ ಏರಿರುತ್ತದೆ. ಕರೆಯ ಬದಿಯಲ್ಲಿ ನಿಲ್ಲಿ. ಓಟ ಮುಗಿಸಿದ ಕೋಣಗಳು ಏರಿ ಬರುವ ಮಂಜೊಟ್ಟಿಯ ಬಾಯಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ, ಅಲ್ಲಿ ಕೋಣಗಳು ತಕ್ಷಣ ನಿಲ್ಲುವುದಿಲ್ಲ.

ಕೋಲ, ನೇಮ. ಇದಕ್ಕೆ ಜಾಹೀರಾತು ಕಡಿಮೆ. ನೀವು ತಂಗುವ ಮನೆಯವರನ್ನು, ಹೋಟೆಲಿನ ಗಲ್ಲೆಯಲ್ಲಿ ಕುಳಿತವರನ್ನು, ರಿಕ್ಷಾ ಚಾಲಕರನ್ನು ಕೇಳಿ: “ಇಲ್ಲಿ ಹತ್ತಿರ ಎಲ್ಲಾದರೂ ನೇಮ ಉಂಟಾ?” ರಸ್ತೆ ಬದಿಯ ಬ್ಯಾನರು, ಸಾಲು ದೀಪ, ತೆಂಗಿನ ಗರಿಯ ತೋರಣ ಕಂಡಲ್ಲಿ ವಿಚಾರಿಸಿ. ಊರಿನ ಒಬ್ಬರ ಜೊತೆಗೆ ಹೋಗುವುದು ಸರಿಯಾದ ದಾರಿ. ಅದು ಆ ಮನೆತನದ, ಆ ಗ್ರಾಮದ ನಂಬಿಕೆಯ ಕೆಲಸ, ನೋಡುಗರಿಗಾಗಿ ಏರ್ಪಡಿಸಿದ ಪ್ರದರ್ಶನ ಎಂದು ಭಾವಿಸಿ ಹೋಗಬೇಡಿ. ಅಲ್ಲಿನ ನಡವಳಿಕೆಯ ಬಗ್ಗೆ ಎಂಟನೇ ಹಂತದಲ್ಲಿ ಬರೆದಿದ್ದೇನೆ, ಅದನ್ನು ಓದದೆ ಹೊರಡಬೇಡಿ.

## 3. ತಂಗುವ ಊರು ಎರಡೇ ಇರಲಿ

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ನೇರ ಇರುವುದನ್ನು ನೋಡಿ ಮೂರು ದಿನದಲ್ಲಿ ಮುಗಿಸಬಹುದೆಂದು ಅನಿಸುತ್ತದೆ. ಹಾಗೆ ಮಾಡಿದವರೇ ‘ಕಾರಿನೊಳಗೇ ಕಳೆಯಿತು’ ಎನ್ನುವವರು.

ಕರಾವಳಿಯನ್ನು ಮೂರು ತುಂಡು ಮಾಡಿ. ತೆಂಕಣ ತುಂಡು ಮಂಗಳೂರು, ಮೂಡುಬಿದಿರೆ, ಕಾರ್ಕಳ, ಧರ್ಮಸ್ಥಳ. ನಡುವಿನದು ಉಡುಪಿ, ಬಾರ್ಕೂರು, ಕುಂದಾಪುರ, ಕೊಲ್ಲೂರು. ಬಡಗಣದ್ದು ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರ. ಐದಾರು ದಿನದ ಪ್ರವಾಸಕ್ಕೆ ಎರಡು ತುಂಡು ಸಾಕು, ಒಂದೊಂದಕ್ಕೆ ಒಂದೊಂದು ಊರನ್ನು ನೆಲೆ ಮಾಡಿಕೊಳ್ಳಿ. ದಿನವೂ ಪೆಟ್ಟಿಗೆ ಕಟ್ಟಿ ಕೋಣೆ ಬದಲಿಸುವವರಿಗೆ ರಾತ್ರಿಯ ಆಟಕ್ಕೆ ಶಕ್ತಿ ಉಳಿಯುವುದಿಲ್ಲ.

ನೆಲೆಗೆ ನನ್ನ ಆಯ್ಕೆ ತೆಂಕಣದಲ್ಲಿ ಮೂಡುಬಿದಿರೆ ಅಥವಾ ಕಾರ್ಕಳ. ಮಂಗಳೂರು ನಗರದಲ್ಲಿ ಉಳಿದರೆ ಸಂಜೆ ಊರು ದಾಟುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ನಡುವಿನ ತುಂಡಿಗೆ ಉಡುಪಿ, ಬಡಗಣಕ್ಕೆ ಕುಮಟಾ ಅಥವಾ ಹೊನ್ನಾವರ. ಗೋಕರ್ಣದಲ್ಲಿ ಕೋಣೆಗಳು ಬೇಕಾದಷ್ಟಿವೆ, ಆದರೆ ಹೆದ್ದಾರಿಯಿಂದ ಒಳಗೆ ಹೋಗಿ ಬರುವ ದೂರ ದಿನವೂ ಕೂಡುತ್ತದೆ.

ರಾತ್ರಿಯ ಕಾರ್ಯಕ್ರಮ ನೆಲೆಯಿಂದ 25 ಕಿ.ಮೀ. ಒಳಗಿರಬೇಕು. ಮಧ್ಯರಾತ್ರಿ ದಾಟಿದ ಮೇಲೆ ಅಪರಿಚಿತ ಒಳರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಓಡಿಸುವುದು ಬೇಡ.

## 4. ಘಟ್ಟ ಆರಿಸಿ

ನೆಲೆ ಗೊತ್ತಾದ ಮೇಲೆಯೇ ಘಟ್ಟ. ಮ್ಯಾಪು ತೋರಿಸುವ ದಾರಿ ಹತ್ತು ನಿಮಿಷ ಉಳಿಸಲು ಇನ್ನಾವುದೋ ಕಾಡುದಾರಿಗೆ ತಿರುಗಿಸುತ್ತದೆ. ಘಟ್ಟದ ಹೆಸರನ್ನು ನೀವೇ ನಿರ್ಧರಿಸಿ, ನಡುವಿನ ಊರುಗಳನ್ನು ಮ್ಯಾಪಿಗೆ ಒಂದೊಂದಾಗಿ ಸೇರಿಸಿ.

ಶಿರಾಡಿ (ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ರಾಷ್ಟ್ರೀಯ ಹೆದ್ದಾರಿ 75): ಬೆಂಗಳೂರಿನವರ ಹೆದ್ದಾರಿ. ಟ್ಯಾಂಕರು, ಲಾರಿಗಳ ಸಾಲು ಸದಾ ಇರುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕೆಳಗೆ ಗುಡ್ಡ ಜರಿಯುವುದು ಹೊಸದಲ್ಲ, 2024ರ ಜುಲೈನಲ್ಲಿ ಪದೇಪದೇ ಬಂದ್ ಆಗಿತ್ತು.

ಚಾರ್ಮಾಡಿ (ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆ, ಹೆದ್ದಾರಿ 73): ಧರ್ಮಸ್ಥಳ, ಮೂಡುಬಿದಿರೆಗೆ ಅನುಕೂಲ. ಭಾರೀ ವಾಹನಗಳ ಕಾಟ ಕಡಿಮೆ, ಆದರೆ ಮಂಜು ಕವಿದರೆ ಮುಂದಿನ ತಿರುವೇ ಕಾಣುವುದಿಲ್ಲ.

ಸಂಪಾಜೆ (ಮಡಿಕೇರಿ, ಸುಳ್ಯ, ಹೆದ್ದಾರಿ 275): ಮೈಸೂರಿನವರಿಗೆ.

ಆಗುಂಬೆ (ತೀರ್ಥಹಳ್ಳಿ, ಹೆಬ್ರಿ; ಹೆದ್ದಾರಿ 169ಎ): ಉಡುಪಿಗೆ ನೇರ. 14 ಕಡಿದಾದ ಹೇರ್‌ಪಿನ್ ತಿರುವುಗಳು, ಕಿರಿದಾದ ರಸ್ತೆ. ದೊಡ್ಡ ಎಸ್‌ಯುವಿ ಓಡಿಸುವವರು, ಘಟ್ಟ ಇಳಿದ ಅಭ್ಯಾಸ ಇಲ್ಲದವರು ಇಲ್ಲಿ ಕಲಿಯಲು ಹೋಗಬೇಡಿ.

ಕೊಲ್ಲೂರು ಘಟ್ಟ: ಸಾಗರದಿಂದ ಸಿಗಂದೂರು, ತುಮರಿ ಮೂಲಕ. ಶರಾವತಿ ಹಿನ್ನೀರಿನ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಲಾಂಚಿಗೆ ಕಾಯುವ ಅಗತ್ಯವಿಲ್ಲ. ಹಳೆಯ ಪ್ರವಾಸ ಬರಹಗಳನ್ನು ನಂಬಿ ಲಾಂಚಿನ ಸಮಯ ಲೆಕ್ಕ ಹಾಕುವವರು ಇನ್ನೂ ಇದ್ದಾರೆ.

ಬಡಗಣದ ಘಟ್ಟಗಳು: ಜೋಗದ ಕಡೆಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆ, ಶಿರಸಿಯಿಂದ ಕುಮಟಾಕ್ಕೆ ದೇವಿಮನೆ, ಹುಬ್ಬಳ್ಳಿ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು. ದೇವಿಮನೆ ರಸ್ತೆ ಅಗಲೀಕರಣದಿಂದಾಗಿ ಆಗಾಗ ಮುಚ್ಚಿದೆ, ಹೊರಡುವ ಮುನ್ನಾದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿ. ಅರಬೈಲಿನಲ್ಲಿ ಲಾರಿಗಳು ಹೆಚ್ಚು.

ಯಾವ ಘಟ್ಟವಾದರೂ ಹಗಲಿನಲ್ಲೇ ಇಳಿಯಿರಿ. ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಡುವುದು ಅತಿ ಸಾಮಾನ್ಯ, ಅತಿ ಅಪಾಯದ ತಪ್ಪು. ಘಟ್ಟಕ್ಕೆ ತಲುಪುವುದು ನಿದ್ದೆ ತೂಗುವ ಬೆಳಗಿನ ಜಾವಕ್ಕೆ. ಅದರ ಬದಲು ಮುಂಜಾನೆ ಐದಕ್ಕೆ ಹೊರಡಿ, ಒಂಬತ್ತು ಹತ್ತಕ್ಕೆ ಸಕಲೇಶಪುರದಲ್ಲಿ ತಿಂಡಿ, ಮಧ್ಯಾಹ್ನದ ಹೊತ್ತಿಗೆ ಘಟ್ಟದ ಕೆಳಗೆ.

ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಆಟೊಮ್ಯಾಟಿಕ್ ಗಾಡಿಯಾದರೆ ಕೆಳ ಗೇರಿಗೆ ಅಥವಾ ಮ್ಯಾನುವಲ್‌ಗೆ ಬದಲಿಸಿ. ಬ್ರೇಕು ಸುಟ್ಟ ವಾಸನೆ ಬಂದರೆ, ಪೆಡಲು ಮೆತ್ತಗಾದಂತೆ ಅನಿಸಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ. ಏರುತ್ತಿರುವ ಗಾಡಿಗೆ ಮೊದಲು ದಾರಿ ಕೊಡಿ. ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ಆಫ್‌ಲೈನ್ ಮ್ಯಾಪು ಇಳಿಸಿಕೊಂಡಿರಿ.

## 5. ಈಗ ಹಗಲಿನ ಪಟ್ಟಿ

ಕರಾವಳಿಯ ಹಗಲು ಎರಡು ತುಂಡು: ಬೆಳಿಗ್ಗೆ ಏಳರಿಂದ ಹನ್ನೆರಡೂವರೆ, ಸಂಜೆ ನಾಲ್ಕೂವರೆಯಿಂದ ಏಳು. ನಡುವಿನ ಹೊತ್ತು ಊಟಕ್ಕೆ, ಮಲಗಲಿಕ್ಕೆ. ಬಹುಪಾಲು ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಮುಗಿಸಿ ಬಾಗಿಲು ಹಾಕಿದರೆ ತೆರೆಯುವುದು ಸಂಜೆಗೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಚತುರ್ಮುಖ ಬಸದಿಗಳನ್ನು ಬೆಳಿಗ್ಗೆಯೇ ನೋಡಿ. ಕಾರ್ಕಳದ ಗೊಮ್ಮಟ ಬೋಳು ಬಂಡೆಯ ಮೇಲಿದ್ದಾನೆ, ಬರಿಗಾಲಲ್ಲಿ ಏರಬೇಕು. ಹನ್ನೊಂದು ಗಂಟೆಗೆ ಕಲ್ಲು ಕಾದು ಮಕ್ಕಳು ಅಳುತ್ತವೆ. ಎಂಟು ಗಂಟೆಯ ಒಳಗೆ ಹತ್ತಿ ಇಳಿಯಿರಿ.

ಒಂದು ತುಂಡಿಗೆ ಎರಡು ಜಾಗ, ಅಂದರೆ ದಿನಕ್ಕೆ ನಾಲ್ಕು ಮೀರಬಾರದು. ಹೆದ್ದಾರಿಯಲ್ಲಿ ಗಂಟೆಗೆ 45 ಕಿ.ಮೀ., ಒಳರಸ್ತೆಯಲ್ಲಿ 30 ಎಂದು ಲೆಕ್ಕ ಹಾಕಿ. ಮಂಗಳೂರಿನಿಂದ ಉಡುಪಿಗೆ 60 ಕಿ.ಮೀ. ಒಳಗೇ, ಆದರೆ ಒಂದೂವರೆ ಗಂಟೆ ಬೇಕು. ಉಡುಪಿಯಿಂದ ಗೋಕರ್ಣ 180 ಕಿ.ಮೀ. ಹತ್ತಿರ. ಅದನ್ನು ‘ಸಂಜೆ ಹೋಗಿ ಬರೋಣ’ ಎಂದು ಬರೆದವರ ಯೋಜನೆಯನ್ನು ನಾನು ಮೊದಲು ಅಲ್ಲೇ ಕತ್ತರಿಸುತ್ತೇನೆ.

ತೆಂಕಣ, ನಡು ತುಂಡುಗಳ ಐದು ರಾತ್ರಿಗಳು ಹೀಗೆ ಕೂಡಬಹುದು:

*ಮೊದಲ ದಿನ* ಶಿರಾಡಿ ಇಳಿದು ಬಿ.ಸಿ. ರೋಡು ಮೂಲಕ ಮೂಡುಬಿದಿರೆ, ಸಂಜೆ ಬಸದಿಗಳ ಬೀದಿಯಲ್ಲಿ ನಡಿಗೆ, ಬೇಗ ನಿದ್ದೆ. *ಎರಡನೇ ದಿನ* ಬೆಳಿಗ್ಗೆ ಸಾವಿರ ಕಂಬದ ಬಸದಿ, ಅಲ್ಲಿಂದ ವೇಣೂರಿನ ಗೊಮ್ಮಟ, ಮಧ್ಯಾಹ್ನ ವಿಶ್ರಾಂತಿ, ರಾತ್ರಿ ತೆಂಕುತಿಟ್ಟಿನ ಆಟ. *ಮೂರನೇ ದಿನ* ತಡವಾಗಿ ಎದ್ದು ಮಂಗಳೂರು: ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳಲ್ಲಿ ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೇನಿಯ ಚಿತ್ರಗಳು, ಬಂದರಿನ ಹಳೆಯ ಬೀದಿ, ಝೀನತ್ ಬಕ್ಷ್ ಮಸೀದಿಯ ಮರಗೆಲಸ. ಶನಿವಾರವಾದರೆ ರಾತ್ರಿ ಕಂಬಳ. *ನಾಲ್ಕನೇ ದಿನ* ಕಾರ್ಕಳದ ಗೊಮ್ಮಟ, ಅತ್ತೂರಿನ ಬಸಿಲಿಕಾ, ವರಂಗದ ಕೆರೆ ಬಸದಿಗೆ ದೋಣಿ, ಹೆಬ್ರಿ ಮೂಲಕ ಉಡುಪಿ, ಸಂಜೆ ರಥಬೀದಿ. *ಐದನೇ ದಿನ* ಬೆಳಿಗ್ಗೆ ಬಾರ್ಕೂರಿನ ಕತ್ತಲೆ ಬಸದಿ, ಕುಂದಾಪುರದಲ್ಲಿ ಊಟ, ಸಂಜೆ ಒಂದು ಬದಿ ಕಡಲು ಒಂದು ಬದಿ ಸೌಪರ್ಣಿಕಾ ಇರುವ ಮರವಂತೆ, ರಾತ್ರಿ ಬಡಗಿನ ಆಟ. *ಆರನೇ ದಿನ* ಬೆಳಿಗ್ಗೆ ಆಗುಂಬೆ ಏರಿ ಊರಿಗೆ.

ಇದರಲ್ಲಿ ಬೀಚು ಕಡಿಮೆ ಎನ್ನುವವರು ನಾಲ್ಕನೇ ದಿನದ ಬಸದಿಗಳನ್ನು ಬಿಟ್ಟು ಕಾಪು, ಮಲ್ಪೆ ಸೇರಿಸಿಕೊಳ್ಳಲಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಓಡುವುದಿಲ್ಲ. ಕಾಸರಗೋಡಿನತ್ತ ಒಂದು ಹಗಲು ಕೊಡುವವರಿಗೆ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಅನಂತಪುರದ ಸರೋವರ ದೇವಾಲಯ, ಮಧೂರು, ಬೇಕಲ ಕೋಟೆ ಒಂದೇ ಸಾಲಿನಲ್ಲಿ ಸಿಗುತ್ತವೆ. ಬಡಗಣಕ್ಕೆ ಹೋಗುವವರು ಮಿರ್ಜಾನ್ ಕೋಟೆ, ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನಗಳನ್ನು ದಾಟಿ ಹೋಗಬೇಡಿ. ಎರಡೂ ಹೆದ್ದಾರಿಗೆ ಹತ್ತಿರ, ಮುರ್ಡೇಶ್ವರದ ಗದ್ದಲದಲ್ಲಿ ಎಲ್ಲರೂ ಮರೆಯುತ್ತಾರೆ.

ಊಟದ ವಿಷಯ: ಮೀನೂಟದ ಸಮಯ ಹನ್ನೆರಡೂವರೆಯಿಂದ ಎರಡೂವರೆ. ಒಂದು ಗಂಟೆಯೊಳಗೆ ಕುಳಿತವರಿಗೆ ಕಾಣೆ, ಅಂಜಲು, ಮರುವಾಯಿ ಸುಕ್ಕ ಸಿಗುತ್ತವೆ, ಮೂರಕ್ಕೆ ಬಂದವರಿಗೆ ಬಂಗುಡೆ ಉಳಿದಿದ್ದರೆ ಅದೃಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಸಸ್ಯಾಹಾರಿಗಳು ಧರ್ಮಸ್ಥಳ, ಕಟೀಲು, ಕೊಲ್ಲೂರು, ಉಡುಪಿಗಳಲ್ಲಿ ಮಧ್ಯಾಹ್ನ ದೇವಸ್ಥಾನದ ಊಟಕ್ಕೆ ಕೂರಿ. ಬೆಳಗಿನ ತಿಂಡಿಗೆ ನೀರುದೋಸೆ, ಮೂಡೆ, ಸಂಜೆಗೆ ಗೋಳಿಬಜೆ. ಮಳೆಗಾಲವಾದರೆ ಪತ್ರೊಡೆ ಇದೆಯೇ ಎಂದು ಕೇಳದೆ ಏಳಬೇಡಿ.

## 6. ಸಾಮಾನು, ಗಾಡಿ

ಬಟ್ಟೆಗಿಂತ ಮೊದಲು ಇವನ್ನು ಕಟ್ಟಿಕೊಳ್ಳಿ: ಪ್ರತಿ ಗಂಡಸಿಗೆ ಒಂದು ಪಂಚೆ, ಶಲ್ಯ, ಆಟದ ಬಯಲಿನಲ್ಲಿ ಹಾಸಲು ಚಾಪೆ, ಇಬ್ಬನಿಗೆ ತಲೆಗೆ ಕಟ್ಟುವ ಬಟ್ಟೆ, ಟಾರ್ಚು, ಸೊಳ್ಳೆ ಮುಲಾಮು, ಒಆರ್‌ಎಸ್ ಪುಡಿ, ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಗದ್ದೆಯ ಬದಿಯ ಚರುಮುರಿ ಅಂಗಡಿಯವನ ಮೊಬೈಲಿಗೂ ಅಲ್ಲಿ ಸಿಗ್ನಲ್ ಇರುವುದಿಲ್ಲ.

ಗಾಡಿಯಲ್ಲಿ ಬ್ರೇಕ್ ಪ್ಯಾಡು, ಟಯರಿನ ಹಲ್ಲು, ಸ್ಟೆಪ್ನಿಯ ಗಾಳಿ, ವೈಪರ್ ರಬ್ಬರು, ಇಷ್ಟನ್ನು ಹೊರಡುವ ಒಂದು ವಾರ ಮುಂಚೆ ನೋಡಿಸಿ. ಹಿಂದಿನ ದಿನ ನೋಡಿಸಿದರೆ ಬಿಡಿಭಾಗ ತರಿಸಲು ಸಮಯ ಇರುವುದಿಲ್ಲ. ಫಾಸ್ಟ್ಯಾಗಿನಲ್ಲಿ ಹಣ ತುಂಬಿಸಿ. ರಾತ್ರಿ ಎಸಿ ಹಾಕಿಕೊಂಡು ಓಡಿಸುವಾಗ ಗಾಜು ಮಸುಕಾದರೆ ಗಾಬರಿಯಾಗಬೇಡಿ. ಇಲ್ಲಿನ ಗಾಳಿಯ ತೇವ ತಣ್ಣನೆಯ ಗಾಜಿನ ಹೊರಮೈಗೆ ಕಟ್ಟುತ್ತದೆ. ವೈಪರ್ ಒಮ್ಮೆ ಆಡಿಸಿ, ಎಸಿಯ ತಂಪು ಸ್ವಲ್ಪ ಇಳಿಸಿ. ಒಳಗಿನಿಂದ ಒರೆಸಿ ಪ್ರಯೋಜನವಿಲ್ಲ.

ಕಾರನ್ನು ಮರಳಿಗೆ ಇಳಿಸಬೇಡಿ. ಚಕ್ರ ಹೂತರೆ ಉಬ್ಬರ ಬರುವುದರೊಳಗೆ ಎಳೆಯಲು ಜನ ಸಿಗದೆ ಹೋಗಬಹುದು, ಉಪ್ಪುನೀರು ತಳವನ್ನು ತಿನ್ನುತ್ತದೆ.

## 7. ಹೆದ್ದಾರಿ 66ರ ರೀತಿ

ಚತುಷ್ಪಥ ಆಗಿದೆಯೆಂದು ನೂರರ ಮೇಲೆ ಓಡಿಸುವವರಿಗೆ ಈ ರಸ್ತೆ ಒಗ್ಗುವುದಿಲ್ಲ. ಇದು ಊರುಗಳ ನಡುವೆಯೇ ಹಾದುಹೋಗುತ್ತದೆ. ಡಿವೈಡರು ಬಿಟ್ಟಲ್ಲೆಲ್ಲ ಗಾಡಿಗಳು ತಿರುಗುತ್ತವೆ, ಸರ್ವಿಸ್ ರಸ್ತೆ ಇಲ್ಲದಲ್ಲಿ ಬೈಕುಗಳು ಎದುರು ದಿಕ್ಕಿನಿಂದ ಬರುತ್ತವೆ. ಮಂಗಳೂರು, ಉಡುಪಿ, ಕುಂದಾಪುರ ನಡುವಿನ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ನಿಮಿಷದ ಲೆಕ್ಕ. ಅವು ಹಿಂದೆ ಬಂದು ಹಾರನ್ ಹೊಡೆದರೆ ಜಿದ್ದು ಬೇಡ, ಎಡಕ್ಕೆ ಸರಿಯಿರಿ. ಮೀನು ಲಾರಿಗಳಿಂದ ಸೋರುವ ನೀರು ತಿರುವಿನಲ್ಲಿ ಜಾರುತ್ತದೆ, ಬೈಕಿನವರು ವಿಶೇಷ ಎಚ್ಚರ ವಹಿಸಿ.

ಆಟ ಮುಗಿಸಿ ಮರಳುವಾಗ ಹೆದ್ದಾರಿಗಿಂತ ಒಳರಸ್ತೆಯ ಬಗ್ಗೆ ಹೆಚ್ಚು ಯೋಚಿಸಿ. ಹೋಗುವಾಗ ಬೆಳಕಿನಲ್ಲೇ ಹೋಗಿ, ಗೇರುತೋಟದ ತಿರುವು, ಕಿರುಸೇತುವೆ, ಕವಲುಗಳನ್ನು ಗಮನಿಸಿಕೊಳ್ಳಿ. ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ. ನೂರಾರು ಬೈಕುಗಳ ನಡುವೆ ಮಧ್ಯರಾತ್ರಿ ರಿವರ್ಸ್ ತೆಗೆಯುವುದು ಆಗದ ಮಾತು.

## 8. ದೈವ, ದೇವರು, ಕ್ಯಾಮೆರಾ

ಧರ್ಮಸ್ಥಳದಲ್ಲಿ ದರ್ಶನಕ್ಕೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಕರಾವಳಿಯ ಇನ್ನೂ ಅನೇಕ ದೇವಸ್ಥಾನಗಳಲ್ಲಿ ಇದೇ ಕ್ರಮ. ಗೋಕರ್ಣದಲ್ಲಿ ಪಂಚೆ ಬೇಕು. ಚಡ್ಡಿ, ತೋಳಿಲ್ಲದ ಉಡುಪಿನಲ್ಲಿ ಸಾಲಿನಲ್ಲಿ ಒಂದು ಗಂಟೆ ನಿಂತು ಬಾಗಿಲಿನಲ್ಲಿ ಹಿಂದಿರುಗುವವರನ್ನು ದಿನವೂ ಕಾಣಬಹುದು. ಪಂಚೆ ಕಾರಿನಲ್ಲಿ ಬಿಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಕೋಲದ ಅಂಗಳಕ್ಕೆ ಚಪ್ಪಲಿ ಇಲ್ಲದೆ, ಕುಡಿಯದೆ ಹೋಗಿ. ದೈವ ನಡೆಯುವ ದಾರಿಗೆ ಅಡ್ಡ ನಿಲ್ಲಬೇಡಿ. ನುಡಿ ಕೊಡುವ ಹೊತ್ತಿನಲ್ಲಿ ಮಾತು, ನಗು, ಮೊಬೈಲು ಯಾವುದೂ ಬೇಡ, ಅಲ್ಲಿ ಮನೆಯವರ ನೋವು, ಜಗಳ, ಬೇಡಿಕೆಗಳು ಮಾತಾಗುತ್ತಿರುತ್ತವೆ. ಫೋಟೊ ತೆಗೆಯಬಹುದೇ ಎಂದು ಮನೆಯ ಹಿರಿಯರನ್ನು ಕೇಳಿ. ಒಪ್ಪಿದರೂ ಫ್ಲ್ಯಾಶು ಬೇಡ. ಇತ್ತೀಚಿನ ವರ್ಷಗಳಲ್ಲಿ ರೀಲಿಗಾಗಿ ದೈವದ ಕುಣಿತವನ್ನು ಅನುಕರಿಸುವವರು ಹೆಚ್ಚಾಗಿದ್ದಾರೆ, ಊರವರಿಗೆ ಇದರಿಂದ ನಿಜವಾಗಿ ನೋವಾಗುತ್ತದೆ. ‘ಬೇಡ’ ಎಂದು ಯಾರಾದರೂ ಹೇಳಿದರೆ ಕಾರಣ ಕೇಳದೆ ಹಿಂದೆ ಸರಿಯಿರಿ. ಗಂಧ ಪ್ರಸಾದ ಕೊಟ್ಟರೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳಿ, ಊಟಕ್ಕೆ ಕರೆದರೆ ಕುಳಿತು ಉಣ್ಣಿ.

## 9. ಕಡಲಿಗೆ ಇಳಿಯುವ ಮುನ್ನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬಾರದು. ಉಳಿದ ತಿಂಗಳುಗಳಲ್ಲೂ ಜೀವರಕ್ಷಕರು ಇರುವಲ್ಲಿ, ಅವರು ತೋರಿಸಿದ ಗಡಿಯೊಳಗೆ ಮಾತ್ರ. ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಹುಡುಗಿ‌ಯರು ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ, ಕಡಲು ಶಾಂತವೆಂದು ಎಲ್ಲರೂ ನಂಬುವ ತಿಂಗಳಿನಲ್ಲಿ.

ಅಪಾಯದ ಗುರುತುಗಳು: ಎರಡು ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಸಪಾಟಾಗಿ, ಗಾಢವಾಗಿ ಕಾಣುವುದು; ನೊರೆ, ಕಸ ದಡದಿಂದ ಆಚೆಗೆ ಸಾಗುತ್ತಿರುವುದು; ಅಳಿವೆಯ ಬಾಯಿ; ಒದ್ದೆ ಕಪ್ಪು ಬಂಡೆ. ಹೊಸಬರು ಸಪಾಟಾದ ಆ ಪಟ್ಟಿಯೇ ಸುರಕ್ಷಿತ ಎಂದುಕೊಂಡು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ಈಜಿ ಸುಸ್ತಾಗಬೇಡಿ. ತೇಲುತ್ತ ಕೈ ಎತ್ತಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತ ದಾಟಿದ ಮೇಲೆ ಒಳಗೆ ಬನ್ನಿ.

## 10. ಯೋಜನೆ ಬಿಡಬೇಕಾದ ಹೊತ್ತು

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಜೀವ ಕಳೆದುಕೊಂಡರು. ಮಳೆ ಸುರಿಯುತ್ತಿರುವಾಗ ಕಡಿದ ಗುಡ್ಡದ ಕೆಳಗೆ ಚಹಾಕ್ಕೆಂದೂ ಕಾರು ನಿಲ್ಲಿಸಬೇಡಿ.

ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ, ಅದಕ್ಕಿಂತ ಮುಖ್ಯವಾಗಿ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸಿದ್ದರೆ, ಅಂದು ಘಟ್ಟ ಇಳಿಯುವುದು ಬೇಡ. ಘಟ್ಟದ ದಾರಿಯಲ್ಲಿ ಗುಡ್ಡದಿಂದ ಕೆಂಪು ನೀರು ರಸ್ತೆಗೆ ಹರಿಯುತ್ತಿದ್ದರೆ, ಸಣ್ಣ ಕಲ್ಲುಗಳು ಉರುಳಿ ಬಿದ್ದಿದ್ದರೆ, ಮರಗಳು ರಸ್ತೆಯತ್ತ ವಾಲಿದ್ದರೆ, ರಸ್ತೆಯಂಚಿನಲ್ಲಿ ಹೊಸ ಬಿರುಕು ಕಂಡರೆ ತಿರುಗಿಸಿ. ಹಾಸನ, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ, ಶಿರಸಿ, ಯಲ್ಲಾಪುರ ಎಲ್ಲ ಕಡೆ ಒಂದು ರಾತ್ರಿ ಉಳಿಯಲು ಕೋಣೆ ಸಿಗುತ್ತದೆ.

ಕೋಣೆ ಕಾಯ್ದಿರಿಸುವಾಗ ಹಣ ವಾಪಸು ಬರುವಂಥದ್ದನ್ನೇ ಆರಿಸಿ, ಒಂದು ದಿನವನ್ನು ಯೋಜನೆಯಲ್ಲಿ ಖಾಲಿ ಬಿಡಿ. ಹೆದ್ದಾರಿ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112. ಎರಡನ್ನೂ ಚಾಲಕನ ಮೊಬೈಲಿನಲ್ಲಿ ಮಾತ್ರವಲ್ಲದೆ ಹಾಳೆಯಲ್ಲೂ ಬರೆದು, ನೆಲೆಯ ಊರಿನ ಹೋಟೆಲಿನ ನಂಬರಿನ ಜೊತೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಪ್ರತಿ ಸಂಜೆ ಮನೆಗೆ ಫೋನು ಮಾಡಿ ಮರುದಿನದ ದಾರಿ, ಘಟ್ಟದ ಹೆಸರು, ತಲುಪುವ ಸಮಯ ಹೇಳಿಡಿ.